ಲಕ್ವ ಹೊಡೆದ ಮೇಲೆ ಯಾವ ವ್ಯಾಯಾಮ: ನಡಿಗೆಯೋ, ಪೆಡಲೋ, ಟ್ರೆಡ್‌ಮಿಲ್ಲೋ?

ಅಪ್ಪನಿಗೆ ಲಕ್ವ ಹೊಡೆದು ಮೂರು ವರ್ಷವಾಯಿತು. ಎಡಗೈ, ಎಡಗಾಲು ಸೋತಿದ್ದವು. ಆಮೇಲಿಂದ ನೆಂಟರಲ್ಲಿ, ಗೊತ್ತಿದ್ದವರಲ್ಲಿ ಯಾರಿಗೆ ಸ್ಟ್ರೋಕ್ ಆದರೂ, ಆಸ್ಪತ್ರೆಯಿಂದ ಮನೆಗೆ ಬಂದ ಎರಡು ಮೂರು ವಾರಕ್ಕೆ ನನಗೊಂದು ಫೋನ್ ಬರುತ್ತದೆ. "ವಾಕಿಂಗ್ ಸಾಕಾ, ಸೈಕಲ್ ತರಿಸಬೇಕಾ? ಟ್ರೆಡ್‌ಮಿಲ್ ಒಳ್ಳೇದಂತೆ, ತಗೊಳ್ಳೋಣ್ವಾ? ಸುಮ್ನೆ ದುಡ್ಡು ದಂಡ ಆಗಬಾರದು ನೋಡಿ." ಫೋನಿನಲ್ಲಿ ಅರ್ಧ ಗಂಟೆ ಹೇಳುವುದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ನಾನು ಡಾಕ್ಟರ್ ಅಲ್ಲ, ಫಿಸಿಯೋನೂ ಅಲ್ಲ. ಮೂರು ವರ್ಷ ಅಪ್ಪನ ಎಡಮಗ್ಗುಲಲ್ಲಿ ನಡೆದವಳು, ರಾತ್ರಿ ಕೂತು ಓದಿಕೊಂಡವಳು, ಅಷ್ಟೇ. ಯಾವುದನ್ನು ಶುರು ಮಾಡುವ ಮುಂಚೆಯೂ ನಿಮ್ಮ ಡಾಕ್ಟರ್ ಹೂಂ ಅನ್ನಬೇಕು. ಬಿಪಿ ಎಷ್ಟು ದಾಟಿದ್ದರೆ ಆ ದಿನ ವ್ಯಾಯಾಮ ಬೇಡ ಅನ್ನುವ ಸಂಖ್ಯೆಯನ್ನು ಅವರ ಕೈಯಲ್ಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ನಮ್ಮ ಮನೆಯಲ್ಲಿ ಅದು ಫ್ರಿಡ್ಜ್ ಮೇಲೆ ಅಂಟಿದೆ.

ಕೈಕಾಲು ಆಡಿಸುವುದೇ ಬೇರೆ, ಉಸಿರು ಏರುವುದೇ ಬೇರೆ

ಮನೆಯವರು ಎಡವುವುದು ಇಲ್ಲೇ. ಫಿಸಿಯೋ ಬಂದು ಮುಕ್ಕಾಲು ಗಂಟೆ ಕೈ ಎತ್ತಿಸಿ, ಕಾಲು ಮಡಿಸಿ, ನಿಲ್ಲಿಸಿ, ಕೂರಿಸಿ ಹೋಗುತ್ತಾರೆ. ಅದು ಬೇಕೇ ಬೇಕು. ಆದರೆ ಅದರಲ್ಲಿ ಎಷ್ಟೋ ಹೊತ್ತು ಮಲಗಿಯೋ ಕೂತೋ ಕಳೆಯುತ್ತದೆ. ಹೃದಯಕ್ಕೆ ಕೆಲಸವೇ ಬೀಳುವುದಿಲ್ಲ. ಏರೋಬಿಕ್ ಅಂದರೆ ದೊಡ್ಡ ಸ್ನಾಯುಗಳು ಒಂದಷ್ಟು ಹೊತ್ತು ಬಿಡದೆ ಆಡಬೇಕು, ಎದೆಬಡಿತ ಏರಬೇಕು, ಮಾತಿನ ನಡುವೆ ಉಸಿರೆಳೆದುಕೊಳ್ಳಬೇಕು. ಎಣ್ಣೆ ತಿಕ್ಕುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಪಾರಿವಾಳದ ರಕ್ತ ಹಚ್ಚುವ ಮಾತಂತೂ ಬೇಡವೇ ಬೇಡ. ಅದನ್ನು ಹೇಳಲಿಕ್ಕೆ ನಮ್ಮ ಮನೆಗೂ ಇಬ್ಬರು ಬಂದಿದ್ದರು.

ಕಾಲಿಗೆ ಸರಿ, ಮೆದುಳಿಗೆ ಇದರಿಂದ ಏನು? ಲಕ್ವ ಆದವರಲ್ಲಿ ಕೈಕಾಲಿನ ಜೊತೆಗೆ ಇನ್ನೂ ಕೆಲವು ಸದ್ದಿಲ್ಲದೆ ಕುಗ್ಗುತ್ತವೆ. ಗಮನ ನಿಲ್ಲುವುದಿಲ್ಲ, ಯೋಚನೆ ನಿಧಾನವಾಗುತ್ತದೆ, ಮನಸ್ಸು ಮಂಕಾಗುತ್ತದೆ. ಅಪ್ಪ ಪೇಪರ್ ಹಿಡಿದು ಅದೇ ಸಾಲನ್ನು ಮೂರು ಸಲ ಓದುತ್ತಿದ್ದರು. ವ್ಯಾಯಾಮ ಮಾಡಿದಾಗ ಮೆದುಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆ. ನರಕೋಶಗಳ ನಡುವೆ ಹೊಸ ಕೊಂಡಿ ಬೆಸೆಯಲು ನೆರವಾಗುವ ಬಿಡಿಎನ್‌ಎಫ್ ಎಂಬ ಪ್ರೋಟೀನ್ ಹೆಚ್ಚುತ್ತದೆ. 2011ರಲ್ಲಿ ಅಮೆರಿಕದಲ್ಲಿ 120 ಮಂದಿ ಹಿರಿಯರ ಮೇಲೆ ನಡೆದ ಅಧ್ಯಯನ ಒಂದಿದೆ. ಒಂದು ಗುಂಪಿನವರು ವರ್ಷಪೂರ್ತಿ, ವಾರಕ್ಕೆ ಮೂರು ದಿನ, 40 ನಿಮಿಷದವರೆಗೆ ನಡೆದರು. ಅವರ ಮೆದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಸುಮಾರು ಶೇ 2ರಷ್ಟು ಬೆಳೆದಿತ್ತು. ಆದರೆ ಅವರ್ಯಾರೂ ಲಕ್ವ ಆದವರಲ್ಲ. ವಾಟ್ಸ್‌ಆಪ್‌ನಲ್ಲಿ ಈ ಸುದ್ದಿ ಓಡಾಡುವಾಗ ಅದೊಂದು ಸಾಲು ಬಿದ್ದುಹೋಗಿರುತ್ತದೆ. ಲಕ್ವ ಆಗಿ ವರ್ಷ ದಾಟಿದವರನ್ನೇ ತೆಗೆದುಕೊಂಡ ಅಧ್ಯಯನ ಕೆನಡಾದ ವ್ಯಾಂಕೂವರಿನದು, 2022ರಲ್ಲಿ ಬಂತು. ಅಲ್ಲೂ 120 ಮಂದಿ. ಆರು ತಿಂಗಳು, ವಾರಕ್ಕೆ ಎರಡು ಸಲ ವ್ಯಾಯಾಮ ಮಾಡಿದ ಗುಂಪಿನವರು ಯೋಚನಾಶಕ್ತಿಯ ಪರೀಕ್ಷೆಯಲ್ಲಿ ಸುಧಾರಿಸಿದ್ದರು. ಆ ವ್ಯಾಯಾಮದಲ್ಲಿ ನಡಿಗೆಯ ಜೊತೆಗೆ ಬಲ, ಸಮತೋಲ ಎಲ್ಲ ಬೆರೆತಿತ್ತು. ಹಾಗಾಗಿ ಮೆದುಳಿಗೆಂದೇ ಬೇರೆ ಮೆಷಿನ್ ಹುಡುಕಬೇಡಿ. ಹೃದಯಕ್ಕೆ ಕೆಲಸ ಕೊಡುವುದೇ ಮೆದುಳಿಗೂ ದಾರಿ.

ಆತುರ ಬೇಡ

"ಬೇಗ ಶುರು ಮಾಡಿದಷ್ಟೂ ಒಳ್ಳೇದಲ್ವಾ?" ಯಾವಾಗಲೂ ಅಲ್ಲ. ಐದು ದೇಶಗಳ 2,104 ರೋಗಿಗಳ ಮೇಲೆ ನಡೆದ ಅವರ್ಟ್ ಎಂಬ ದೊಡ್ಡ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ಲಕ್ವ ಆದ 24 ಗಂಟೆಯೊಳಗೇ ಎಬ್ಬಿಸಿ, ಪದೇ ಪದೇ ಜಾಸ್ತಿ ಹೊತ್ತು ಓಡಾಡಿಸಿದವರ ಚೇತರಿಕೆ ಮಾಮೂಲಿ ಆರೈಕೆಯವರಿಗಿಂತ ಹಿಂದೆ ಬಿದ್ದಿತ್ತು. 2019ರಲ್ಲಿ ಜರ್ಮನಿಯ ಪ್ರಯೋಗವೊಂದು ಇನ್ನೂ ಸ್ವಲ್ಪ ಮುಂದಿನ ಹಂತವನ್ನು ನೋಡಿತು. ಲಕ್ವದ ನಂತರದ ಮೊದಲ ವಾರಗಳಲ್ಲಿದ್ದ 200 ಮಂದಿಯಲ್ಲಿ ಕೆಲವರಿಗೆ ನಾಲ್ಕು ವಾರ ಟ್ರೆಡ್‌ಮಿಲ್, ಉಳಿದವರಿಗೆ ಬರೀ ವಿಶ್ರಾಂತಿಯ ಅಭ್ಯಾಸ. ಟ್ರೆಡ್‌ಮಿಲ್ ಗುಂಪು ಮೇಲುಗೈ ಸಾಧಿಸಲಿಲ್ಲ. ಬದಲಿಗೆ ಗಂಭೀರ ತೊಂದರೆಗಳು ಅವರಲ್ಲೇ ಜಾಸ್ತಿ ಕಂಡವು. ಅದಕ್ಕೇ ಹೇಳುವುದು, ಮೊದಲ ವಾರಗಳು ಆಸ್ಪತ್ರೆಯವರಿಗೆ ಬಿಟ್ಟಿದ್ದು. ಈ ಬರಹ ಮನೆಗೆ ಬಂದು, ಬಿಪಿ ಹತೋಟಿಗೆ ಸಿಕ್ಕು, ಡಾಕ್ಟರ್ ಒಪ್ಪಿದ ಮೇಲಿನ ದಿನಗಳಿಗೆ.

ಅಳೆಯುವುದು ಯಾವುದರಿಂದ?

ನಾನು ನೋಡುವುದು ನಾಲ್ಕು ಸಂಗತಿ. ಉಸಿರು ಏರುತ್ತದಾ? ಬೀಳುವ ಭಯ ಎಷ್ಟು? ವಾರಕ್ಕೆ ಮೂರು ದಿನವಾದರೂ, ಯಾರ ರಜೆಗೂ ಕಾಯದೆ ನಡೆಯುತ್ತದಾ? ಕೊನೆಗೆ ದುಡ್ಡು. ಮೂರನೆಯದನ್ನು ಜನ ಮರೆಯುತ್ತಾರೆ. ನನ್ನ ಮಟ್ಟಿಗೆ ಅದೇ ದೊಡ್ಡದು.

ಉಸಿರಿನ ವಿಷಯಕ್ಕೆ ಅಮೆರಿಕದ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಕೊಟ್ಟ ಅಳತೆ ಇದೆ. ವಾರಕ್ಕೆ 3ರಿಂದ 5 ದಿನ, ದಿನಕ್ಕೆ 20ರಿಂದ 60 ನಿಮಿಷ. ಒಂದೇ ಉಸಿರಿಗೆ ಆಗದಿದ್ದರೆ ಹತ್ತು ಹತ್ತು ನಿಮಿಷದ ತುಂಡುಗಳಲ್ಲಿ ಮಾಡಬಹುದು. ಎದೆಬಡಿತದ ಲೆಕ್ಕ ಹೀಗೆ. 60 ವರ್ಷದವರು ಅಂದುಕೊಳ್ಳಿ. 220ರಲ್ಲಿ 60 ಕಳೆದರೆ 160. ಸುಮ್ಮನೆ ಕೂತಾಗ ನಾಡಿ 80 ಇದ್ದರೆ, ನಡುವಿನ ಅಂತರ 80. ಅದರ ಶೇ 40 ಅಂದರೆ 32, ಶೇ 70 ಅಂದರೆ 56. ಇವನ್ನು ಕೂತಾಗಿನ 80ಕ್ಕೆ ಸೇರಿಸಿ. 112ರಿಂದ 136ರ ಒಳಗೆ ಇರಬೇಕು. ಹೊಸಬರು ಕೆಳಗಿನ ತುದಿಯಲ್ಲೇ ಇರಲಿ. ಕೋವಿಡ್ ಕಾಲದಲ್ಲಿ ತಂದು ಡ್ರಾಯರಿಗೆ ಹಾಕಿದ ಆಕ್ಸಿಮೀಟರ್ ಇದ್ದರೆ ಹೊರಗೆ ತೆಗೆಯಿರಿ, ಸರಿಯಿರುವ ಕೈಯ ಬೆರಳಿಗೆ ಹಾಕಿ, ಅದು ನಾಡಿಯನ್ನೂ ತೋರಿಸುತ್ತದೆ.

ಒಂದು ತೊಡಕಿದೆ. ಬಿಪಿಗೆ, ಹೃದಯಕ್ಕೆ ಅಂತ ಕೊಡುವ ಮೆಟೊಪ್ರೊಲೋಲ್, ಅಟೆನೊಲೋಲ್ ಥರದ ಮಾತ್ರೆ ನುಂಗುವವರಿಗೆ ಈ ಲೆಕ್ಕ ಕೆಲಸಕ್ಕೆ ಬಾರದು. ಮಾತ್ರೆ ನಾಡಿಯನ್ನು ಏರಲು ಬಿಡುವುದಿಲ್ಲ. ಎದೆಬಡಿತ ತಾಳ ತಪ್ಪುವವರಿಗೂ ಅಷ್ಟೆ. ಅಂಥವರಿಗೆ ಮಾತಿನ ಪರೀಕ್ಷೆಯೇ ಸರಿ. ನಾನು ಅಪ್ಪನ ಕೈಲಿ ಹದಿಮೂರರ ಮಗ್ಗಿ ಹೇಳಿಸುತ್ತೇನೆ. ಒಂದೊಂದು ಸಾಲಿಗೆ ಉಸಿರೆಳೆದುಕೊಂಡು ಹೇಳಿದರೆ ಸರಿಯಾದ ಜಾಗದಲ್ಲಿದ್ದಾರೆ. ಕೊನೆಯವರೆಗೆ ಗಡಗಡನೆ ಹೇಳಿದರೆ ಇನ್ನೂ ಸ್ವಲ್ಪ ಕೆಲಸ ಕೊಡಬಹುದು. "ಹದಿಮೂರೈದ್ಲಿ..." ಅಂತ ನಡುವೆ ನಿಂತರೆ ನಿಲ್ಲಿಸಬೇಕು. ಮಾತೇ ಹೋಗಿರುವವರಿಗೆ ಇದು ಆಗುವುದಿಲ್ಲ, ಮುಖ ಮತ್ತು ಎದೆಯ ಏರಿಳಿತ ನೋಡಬೇಕು.

ಬೀಳುವ ಭಯಕ್ಕೂ ಅಳತೆ ಇದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಮೀಟರಿಗೆ ಎರಡು ಗೆರೆ ಎಳೆಯಿರಿ. ಮೊದಲ ಗೆರೆಗೆ ಎರಡು ಹೆಜ್ಜೆ ಹಿಂದಿನಿಂದ ನಡೆಸಿ, ಮೊಬೈಲಿನಲ್ಲಿ ಸಮಯ ನೋಡಿ. 25 ಸೆಕೆಂಡ್ ದಾಟಿದರೆ ಇನ್ನೂ ಮನೆಯೊಳಗಿನ ನಡಿಗೆ. 25ಕ್ಕಿಂತ ಕಡಿಮೆ, 12ಕ್ಕಿಂತ ಜಾಸ್ತಿ ಇದ್ದರೆ ಜೊತೆಗೆ ಒಬ್ಬರಿದ್ದು ಬೀದಿಯವರೆಗೆ. 12 ಸೆಕೆಂಡಿನ ಆಸುಪಾಸಿಗೆ ಬಂದರೆ ಹೊರಗಡೆ ನಡೆಯುವ ವೇಗ ಬಂದಿದೆ ಅಂತ. ಫಿಸಿಯೋಗಳು ಬಳಸುವ ಲೆಕ್ಕವೇ ಇದು. ಮುಂದಿನ ಆಯ್ಕೆಯಲ್ಲಿ ಮುಕ್ಕಾಲು ಪಾಲು ಈ ಒಂದು ಸಂಖ್ಯೆಯೇ ತೀರ್ಮಾನಿಸುತ್ತದೆ.

ನಡಿಗೆ

ಖರ್ಚಿಲ್ಲ. ಅಭ್ಯಾಸ ಮಾಡಿದ್ದೇ ಬದುಕಿಗೂ ಬರುತ್ತದೆ, ಬಚ್ಚಲಿಗೆ, ಬಸ್‌ಸ್ಟಾಪಿಗೆ. ಮೆದುಳಿಗೂ ಕೈತುಂಬ ಕೆಲಸ: ಎದುರಿಗೆ ಬರುವವರನ್ನು ನೋಡಬೇಕು, ಕಲ್ಲು ತಪ್ಪಿಸಬೇಕು, ತಿರುಗಬೇಕು.

"ಇಷ್ಟು ನಿಧಾನಕ್ಕೆ ನಡೆದರೆ ಏನು ವ್ಯಾಯಾಮ?" ಅಂತ ಮೂಗು ಮುರಿಯುವವರಿದ್ದಾರೆ. ಲಕ್ವ ಆದವರ ದಮ್ಮು ಅದೇ ವಯಸ್ಸಿನವರ ಸುಮಾರು ಅರ್ಧಕ್ಕೆ ಇಳಿದಿರುವುದು ಸಾಮಾನ್ಯ. ಅದರ ಮೇಲೆ ಒಂದು ಕಾಲು ಎಳೆದುಕೊಂಡು ನಡೆಯಲು ಮಾಮೂಲಿಗಿಂತ ಜಾಸ್ತಿ ಶಕ್ತಿ ಬೇಕು. ನಮಗೆ ಆಮೆ ನಡಿಗೆ ಅನ್ನಿಸಿದ್ದು ಅವರಿಗೆ ಬೆಟ್ಟ ಹತ್ತಿದ ಹಾಗೆ. ಮೊದಮೊದಲು ಅಪ್ಪನನ್ನು ಹಾಲಿನಿಂದ ಹಿತ್ತಲ ಬಾಗಿಲಿಗೆ ಆರು ಸಲ ನಡೆಸಿದರೆ ಆಕ್ಸಿಮೀಟರ್ ನಾಡಿ 110 ತೋರಿಸುತ್ತಿತ್ತು. ವೇಗ ನೋಡಬೇಡಿ, ಉಸಿರು ನೋಡಿ.

ಕಷ್ಟ ಇರುವುದು ನೆಲದಲ್ಲಿ. ನಮ್ಮ ಊರುಗಳ ಫುಟ್‌ಪಾತ್ ಹೇಗಿರುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ? ಎದ್ದ ಚಪ್ಪಡಿ, ನಿಲ್ಲಿಸಿದ ಬೈಕು, ಮಲಗಿದ ನಾಯಿ. ಪಾದ ಎತ್ತಲಾಗದೆ ಬೆರಳು ನೆಲಕ್ಕೆ ತಾಗುವವರಿಗೆ ಅರ್ಧ ಇಂಚಿನ ಏರು ಸಾಕು. ಅಪ್ಪನಿಗೆ ಇನ್ನೊಂದು ತೊಂದರೆ ಇತ್ತು. ಎಡಗಡೆ ಇರುವುದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುತ್ತಿರಲಿಲ್ಲ. ಎಡ ಭುಜವನ್ನು ದಿನಾ ಬಾಗಿಲ ಚೌಕಟ್ಟಿಗೆ ಹೊಡೆದುಕೊಳ್ಳುತ್ತಿದ್ದರು. ಅಂಥವರನ್ನು ಒಬ್ಬರೇ ರಸ್ತೆಗೆ ಬಿಡುವ ಹಾಗಿಲ್ಲ. ಸೋತ ಕಡೆಯೇ ಜೊತೆಯವರು ನಡೆಯಬೇಕು. ಸೋತ ಕೈ ಹಿಡಿದು ಎಳೆಯಬಾರದು, ಭುಜದ ಕೀಲು ಜಾರುತ್ತದೆ. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಿ ಅದನ್ನು ಹಿಡಿಯಿರಿ. ಹವಾಯಿ ಚಪ್ಪಲಿ ಬೇಡ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಅಥವಾ ಶೂ. ಪಾದ ಜೋಲುತ್ತಿದ್ದರೆ ಫಿಸಿಯೋ ಹತ್ತಿರ ಪಾದವನ್ನು ಎತ್ತಿಹಿಡಿಯುವ ಸ್ಪ್ಲಿಂಟ್ ಬಗ್ಗೆ ಕೇಳಿ.

ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಏರಿಯಂಥ ಜಾಗ ಹತ್ತಿರವಿದ್ದರೆ ಪುಣ್ಯ. ಇಲ್ಲದಿದ್ದರೆ ಅಪಾರ್ಟ್‌ಮೆಂಟಿನ ಕಾರಿಡಾರ್, ಮನೆ ಮುಂದಿನ ಜಗಲಿ, ತಾರಸಿ. ಹಳ್ಳಿಯಲ್ಲಾದರೆ ಒಕ್ಕಲು ಕಣ ಅಥವಾ ಶಾಲೆ ಮೈದಾನ, ಬಿಸಿಲೇರುವ ಮುಂಚೆ.

ಕೂತು ತುಳಿಯುವುದು

ಇದರಲ್ಲಿ ಎರಡು ಬಗೆ. ಕುರ್ಚಿಯ ಮುಂದೆ ನೆಲದ ಮೇಲಿಡುವ ಪುಟ್ಟ ಪೆಡಲ್ ಮೆಷಿನ್, ಎರಡು ಸಾವಿರದ ಆಸುಪಾಸು. ಇನ್ನೊಂದು ಬೆನ್ನಿಗೆ ಒರಗು ಇದ್ದು, ಕಾಲು ಮುಂದೆ ಚಾಚಿ ತುಳಿಯುವ ದೊಡ್ಡ ಸೈಕಲ್, ಹದಿನೈದರಿಂದ ಮೂವತ್ತು ಸಾವಿರ. ಮಾಮೂಲಿ ಎತ್ತರದ ಸೀಟಿನ ವ್ಯಾಯಾಮದ ಸೈಕಲ್ ಬೇಡ ಅನ್ನುತ್ತೇನೆ. ಹತ್ತಿ ಇಳಿಯುವಾಗಲೇ ಬೀಳುತ್ತಾರೆ.

25 ಸೆಕೆಂಡ್ ದಾಟುವವರಿಗೆ ನನ್ನ ಮೊದಲ ಆಯ್ಕೆ ಇದೇ. ಕೂತಿರುವುದರಿಂದ ಬೀಳುವ ಭಯ ಕಡಿಮೆ. ಮಳೆ, ಬಿಸಿಲು, ನಾಯಿ ಯಾವುದರ ಹಂಗೂ ಇಲ್ಲ. ಒಳ್ಳೆಯ ಕಾಲು ಸೋತ ಕಾಲನ್ನು ಎಳೆದುಕೊಂಡು ಸುತ್ತಿಸುತ್ತದೆ. ಅದೇ ಅದರ ಗುಣ, ಅದೇ ದೋಷ. ಕೆಲವರು ಪೂರ್ತಿ ಕೆಲಸ ಒಳ್ಳೆಯ ಕಾಲಿಗೇ ಬಿಟ್ಟುಬಿಡುತ್ತಾರೆ. ಸೋತ ತೊಡೆಯ ಮೇಲೆ ಅಂಗೈ ಇಟ್ಟು ನೋಡಿ, ತುಳಿಯುವಾಗ ಸ್ನಾಯು ಬಿಗಿಯಾದರೆ ಆ ಕಾಲೂ ದುಡಿಯುತ್ತಿದೆ.

ಪುಟ್ಟ ಮೆಷಿನ್ ತಂದ ಮೊದಲ ದಿನವೇ ನಮಗೆ ಎರಡು ಪಾಠ ಆಯಿತು. ಟೈಲ್ಸ್ ಮೇಲೆ ಅದು ನಿಲ್ಲಲೇ ಇಲ್ಲ. ಅಪ್ಪ ತುಳಿದಷ್ಟೂ ಟಿವಿ ಕಡೆಗೆ ಜಾರುತ್ತಿತ್ತು. ಕೆಳಗೆ ಗೋಣಿತಾಟು ಹಾಸಿ, ಮುಂದೆ ಗೋಡೆಗೆ ಒತ್ತಿಕೊಂಡು ಅಕ್ಕಿ ಮೂಟೆ ಇಟ್ಟ ಮೇಲೆ ನಿಂತಿತು. ಎರಡನೆಯದು ಪಾದ. ಎಡಪಾದ ಪ್ರತಿ ಸುತ್ತಿಗೂ ಪೆಡಲಿನಿಂದ ಕೆಳಗೆ. ಜೊತೆಗೆ ಬಂದಿದ್ದ ಪ್ಲಾಸ್ಟಿಕ್ ಪಟ್ಟಿ ಎರಡು ದಿನಕ್ಕೆ ಕಿತ್ತುಹೋಯಿತು. ಅಮ್ಮನ ಹಳೇ ವೇಲಿನಲ್ಲಿ ಕಟ್ಟಿದೆವು. ಆಮೇಲೆ ಬೀದಿಯ ಟೈಲರ್ ಹತ್ತಿರ ಅಗಲವಾದ ವೆಲ್ಕ್ರೋ ಪಟ್ಟಿ ಹೊಲಿಸಿದೆ. ಐವತ್ತು ರೂಪಾಯಿ. ಪಟ್ಟಿ ಕಟ್ಟಿದ ಪಾದಕ್ಕೆ ಸ್ಪರ್ಶ ಕಡಿಮೆ ಇರಬಹುದು, ಸಕ್ಕರೆ ಕಾಯಿಲೆಯವರಿಗಂತೂ ಇನ್ನೂ. ಮುಗಿದ ಮೇಲೆ ಸಾಕ್ಸ್ ತೆಗೆದು ಗುಳ್ಳೆ, ಕೆಂಪು ಇದೆಯಾ ಅಂತ ನೋಡಿ.

ಅಗ್ಗದ ಮೆಷಿನ್ನಿನ ಮಿತಿ ಅಂದರೆ ಬಿಗಿ ಸಾಲದು. ಮೂರು ನಾಲ್ಕು ತಿಂಗಳಿಗೆ ದಮ್ಮು ಬರುತ್ತದೆ, ಆಮೇಲೆ ಎಷ್ಟು ತುಳಿದರೂ ಮಗ್ಗಿ ಗಡಗಡ. ಆ ಹೊತ್ತಿಗೆ ಬಹಳ ಮಂದಿ ನಡಿಗೆಗೆ ದಾಟಿರುತ್ತಾರೆ. ದಾಟಲಾಗದೆ ಉಳಿದವರಿಗೆ ಮಾತ್ರ ದೊಡ್ಡ ಸೈಕಲ್ ಲಾಭ. ಇನ್ನೊಂದು ಮಾತು: ತುಳಿದರೆ ದಮ್ಮು ಬರುತ್ತದೆ, ನಡಿಗೆ ತಾನಾಗಿ ಬರುವುದಿಲ್ಲ. ಅದನ್ನು ನಡೆದೇ ಕಲಿಯಬೇಕು.

ಟ್ರೆಡ್‌ಮಿಲ್

ಜನ ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಮನೆ ಬಳಕೆಯ ಟ್ರೆಡ್‌ಮಿಲ್‌ಗಳು ಸಾಮಾನ್ಯವಾಗಿ ಗಂಟೆಗೆ 0.8 ಅಥವಾ 1 ಕಿ.ಮೀ. ವೇಗದಿಂದ ಶುರು. ಹತ್ತು ಮೀಟರಿಗೆ 25 ಸೆಕೆಂಡ್ ತೆಗೆದುಕೊಳ್ಳುವವರ ವೇಗ ಗಂಟೆಗೆ ಸುಮಾರು 1.4 ಕಿ.ಮೀ. ಅಂದರೆ ಅವರಿಗೆ ಉಳಿಯುವ ಅಂತರ ತೀರಾ ಕಡಿಮೆ. ಪಾದ ಎಳೆದರೆ ಬೆಲ್ಟ್ ಕಾಯುವುದಿಲ್ಲ. ಭಯಕ್ಕೆ ಕಂಬಿಯ ಮೇಲೆ ಮೈಭಾರ ಹಾಕಿದರೆ ವ್ಯಾಯಾಮವೂ ಅರ್ಧವಾಗುತ್ತದೆ.

ಆದರೆ 12 ಸೆಕೆಂಡಿನ ಹತ್ತಿರ ಇರುವವರಿಗೆ, ಹೊರಗೆ ಜಾಗವೇ ಇಲ್ಲದವರಿಗೆ, ಒಳ್ಳೆಯ ಸಾಧನ. ವೇಗ, ಏರು ಎರಡನ್ನೂ ಸ್ವಲ್ಪ ಸ್ವಲ್ಪವೇ ಹೆಚ್ಚಿಸಬಹುದು. ಬಟ್ಟೆಗೆ ಸಿಕ್ಕಿಸುವ ಸುರಕ್ಷತೆಯ ಕೀ ಸಿಕ್ಕಿಸದೆ ಹತ್ತಬಾರದು, ಪಕ್ಕದಲ್ಲಿ ಒಬ್ಬರು ಇಲ್ಲದೆಯೂ ಹತ್ತಬಾರದು. ಕೊಳ್ಳುವ ಮುಂಚೆ ಫಿಸಿಯೋಥೆರಪಿ ಸೆಂಟರಿನಲ್ಲಿ ನಾಲ್ಕು ದಿನ ನಡೆಸಿ ನೋಡಿ.

ಸೊಂಟಕ್ಕೆ ಪಟ್ಟಿ ಕಟ್ಟಿ ಮೇಲಿಂದ ತೂಗುಹಾಕಿ ಟ್ರೆಡ್‌ಮಿಲ್ ಮೇಲೆ ನಡೆಸುವ ದೊಡ್ಡ ಯಂತ್ರಗಳು ಈಗ ನಗರಗಳಲ್ಲಿ ಬಂದಿವೆ, ಬಿಲ್ಲೂ ದೊಡ್ಡದು. 2011ರಲ್ಲಿ ಅಮೆರಿಕದಲ್ಲಿ 408 ಮಂದಿಯ ಮೇಲೆ ಇದನ್ನು ಪರೀಕ್ಷಿಸಿದರು. ಇನ್ನೊಂದು ಗುಂಪಿಗೆ ಫಿಸಿಯೋ ಮನೆಗೇ ಬಂದು ಬಲ, ಸಮತೋಲದ ವ್ಯಾಯಾಮ ಮಾಡಿಸಿದರು. ವರ್ಷದ ಕೊನೆಗೆ ಎರಡರಲ್ಲೂ ಫಲ ಒಂದೇ. ಒಟ್ಟು ಶೇ 52ರಷ್ಟು ಮಂದಿಯ ನಡಿಗೆ ಒಂದು ಮೆಟ್ಟಿಲು ಮೇಲೇರಿತ್ತು. ಯಂತ್ರ ಇಲ್ಲವಲ್ಲ ಅಂತ ಸಣ್ಣ ಊರಿನವರು ಕೊರಗಬೇಕಿಲ್ಲ.

ಫಿಸಿಯೋ ಬೇಕಾ, ಮನೆಯವರೇ ಸಾಕಾ?

ಅದರರ್ಥ ಫಿಸಿಯೋನೇ ಬೇಡ ಅಂತಲ್ಲ. ನಮ್ಮ ದೇಶದಲ್ಲೇ 14 ಆಸ್ಪತ್ರೆಗಳಲ್ಲಿ 1,250 ಮಂದಿಯ ಮೇಲೆ ನಡೆದ ಅಟೆಂಡ್ ಎಂಬ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಮನೆಯವರಿಗೆ ತರಬೇತಿ ಕೊಟ್ಟು ಅವರ ಕೈಲೇ ವ್ಯಾಯಾಮ ಮಾಡಿಸಿದರೆ ಹೇಗೆ ಅಂತ ನೋಡಿದರು. ಮಾಮೂಲಿ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ತೋಚುವುದು ಇಷ್ಟು: ಮೆಷಿನ್ನಿಗೆ ಸುರಿಯುವ ದುಡ್ಡಲ್ಲಿ ಒಂದು ಪಾಲು ಗೊತ್ತಿರುವವರ ಕಣ್ಣಿಗೆ ಇಡಿ. ನಮ್ಮ ಕಡೆ ಮನೆಗೆ ಬಂದರೆ ಒಂದು ಸಲಕ್ಕೆ ಐನೂರು ಆರುನೂರು ತೆಗೆದುಕೊಳ್ಳುತ್ತಾರೆ. ದಿನಾ ಕರೆಸುವ ಶಕ್ತಿ ಇಲ್ಲದಿದ್ದರೆ ಹದಿನೈದು ದಿನಕ್ಕೊಮ್ಮೆ ಕರೆಸಿ, ಉಳಿದ ದಿನ ಅವರು ಹೇಳಿದ್ದನ್ನು ನೀವು ಮಾಡಿಸಿ. ಹೇಳುವಾಗ ಬಾಯಿಬಿಟ್ಟು ಹೇಳಿ: "ಇವರಿಗೆ ಉಸಿರೇರುವ ವ್ಯಾಯಾಮವೂ ಬೇಕು." ನಮ್ಮ ಮೊದಲ ಫಿಸಿಯೋ ಎಂಟು ತಿಂಗಳು ಆ ಮಾತೇ ಎತ್ತಲಿಲ್ಲ. ನಾವೂ ಕೇಳಲಿಲ್ಲ. ದುಡ್ಡಿನ ಮುಗ್ಗಟ್ಟಿದ್ದರೆ ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೋಗಿ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮದ ಬ್ರೈನ್ ಕ್ಲಿನಿಕ್ ನಿಮ್ಮ ಜಿಲ್ಲೆಯಲ್ಲಿ ಇದೆಯಾ ಅಂತಲೂ ಅಲ್ಲೇ ವಿಚಾರಿಸಿ.

ಬಿರುಸಾಗಿ ಅರ್ಧ ನಿಮಿಷ, ಆಮೇಲೆ ಅರ್ಧದಿಂದ ಒಂದು ನಿಮಿಷ ಬಿಡುವು ಅಂತ ಬಿಟ್ಟು ಬಿಟ್ಟು ನಡೆಸುವ ಪದ್ಧತಿಯ ಹೆಸರು ಈಗ ಕೇಳಿಬರುತ್ತಿದೆ. 2023ರ ಒಂದು ಅಧ್ಯಯನದಲ್ಲಿ 55 ಮಂದಿ 12 ವಾರ ಮಾಡಿದಾಗ, ಸಮವೇಗದ ನಡಿಗೆಗಿಂತ ಜಾಸ್ತಿ ಫಲ ಸಿಕ್ಕಿದ್ದು ನಿಜ. ಆದರೆ ಇದು ಮೊದಲು ಹೃದಯದ ತಪಾಸಣೆ ಮಾಡಿಸಿ, ಫಿಸಿಯೋ ಎದುರಿಗೇ ಮಾಡಬೇಕಾದ್ದು. ಯೂಟ್ಯೂಬ್ ನೋಡಿ ಹಾಲಿನಲ್ಲಿ ಮಾಡಿಸುವಂಥದ್ದಲ್ಲ.

ಉಳಿದವು

ನೀರಿನಲ್ಲಿ ನಡೆಯುವುದು ಒಳ್ಳೆಯದು, ನೀರು ಮೈಭಾರ ಹೊರುತ್ತದೆ. ಆದರೆ ಒದ್ದೆ ನೆಲ, ಮೆಟ್ಟಿಲು, ಬಟ್ಟೆ ಬದಲಿಸುವುದು, ತರಬೇತಿ ಇರುವವರು, ಇಷ್ಟೂ ಕೂಡಿಬರುವ ಊರು ಕಡಿಮೆ. ಫಿಟ್ಸ್ ಬಂದವರಿಗೆ ಬೇಡ. ಯೋಗ ಮನಸ್ಸಿಗೆ, ಸಮತೋಲಕ್ಕೆ ಚೆನ್ನ. ಕುರ್ಚಿಯಲ್ಲಿ ಕೂತು ಮಾಡುವ ಆಸನ, ಪ್ರಾಣಾಯಾಮದಿಂದ ಎದೆಬಡಿತ ಅಷ್ಟಾಗಿ ಏರುವುದಿಲ್ಲ. ಆದ್ದರಿಂದ ನಡಿಗೆಯ ಜೊತೆಗಿರಲಿ, ಅದರ ಬದಲಿಗೆ ಬೇಡ. ಉಸಿರು ಬಿಗಿಹಿಡಿಯುವುದು, ತಲೆ ಕೆಳಗಾಗುವುದು ಬಿಪಿ ಇರುವವರಿಗೆ ಬೇಡ.

ನಿಮ್ಮ ಮನೆಗೆ ಯಾವುದು?

ಸೊಸೆ, ಮಗ ಇಬ್ಬರೂ ಕೆಲಸಕ್ಕೆ ಹೋಗುವ ಮನೆ, ಹಗಲು ವಯಸ್ಸಾದ ಅತ್ತೆ ಮಾತ್ರ ಜೊತೆಗೆ. ಅಲ್ಲಿ ನಡಿಗೆಯನ್ನು ಬೆಳಿಗ್ಗೆ ಹೊರಡುವ ಮುಂಚಿನ ಹತ್ತು ನಿಮಿಷಕ್ಕೆ ಇಟ್ಟುಕೊಂಡು, ಹಗಲಿಗೆ ಪೆಡಲ್ ಮೆಷಿನ್. ಎರಡು ಸಾವಿರದಲ್ಲಿ ಮುಗಿಯುತ್ತದೆ. ದುಡ್ಡೇ ಇಲ್ಲ, ಜನ ಇದ್ದಾರೆ ಅನ್ನುವ ಮನೆಗೆ ನಡಿಗೆ, ಜೊತೆಗೆ ಕುರ್ಚಿಯಿಂದ ಎದ್ದು ಕೂರುವುದು. ಹತ್ತು ಸಲ ಎದ್ದು ಕೂತರೆ ಎಂಥವರಿಗೂ ಉಸಿರು ಏರುತ್ತದೆ. ಮೂವತ್ತು ಸಾವಿರ ಖರ್ಚು ಮಾಡಲು ಸಿದ್ಧ ಇರುವವರಿಗೆ: ಹತ್ತು ಮೀಟರಿನ ಸಂಖ್ಯೆ ನೋಡಿ. ನಿಧಾನ ಇದ್ದರೆ ಒರಗು ಸೈಕಲ್, ಚುರುಕಾಗಿದ್ದರೆ ಟ್ರೆಡ್‌ಮಿಲ್, ನಡುವೆ ಇದ್ದರೆ ಏನೂ ಕೊಳ್ಳದೆ ಅದೇ ದುಡ್ಡಿಗೆ ಐವತ್ತು ಸಲ ಫಿಸಿಯೋ. ಮನಸ್ಸು ಕುಗ್ಗಿ ಯಾವುದಕ್ಕೂ ಒಲ್ಲೆ ಅನ್ನುವವರಿಗೆ ಮೆಷಿನ್ ತರಬೇಡಿ. ಒಬ್ಬ ಸ್ನೇಹಿತರನ್ನು ಹುಡುಕಿ, ಸಂಜೆ ಐದಕ್ಕೆ ಬಾಗಿಲು ತಟ್ಟುವಂಥವರನ್ನು.

ಯಾವುದನ್ನೇ ಮಾಡುವಾಗಲೂ ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ. ಎದೆನೋವು ಕೂತರೂ ಇಳಿಯದಿದ್ದರೆ, ಮುಖ ಸೊಟ್ಟಗಾದರೆ, ಕೈ ಕೆಳಗೆ ಬಿದ್ದರೆ, ಮಾತು ತೊದಲಿದರೆ 108ಕ್ಕೆ ಫೋನ್ ಮಾಡಿ. ಲಕ್ವದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ, ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ ಮಾತ್ರ. ಸಕ್ಕರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಬರೀ ಹೊಟ್ಟೆಯಲ್ಲಿ ಶುರು ಮಾಡಬಾರದು.

ಅಪ್ಪ ಈಗ ಹತ್ತು ಮೀಟರಿಗೆ 14 ಸೆಕೆಂಡ್ ತೆಗೆದುಕೊಳ್ಳುತ್ತಾರೆ. ಪೆಡಲ್ ಮೆಷಿನ್ ಹೋದ ವರ್ಷ ನಂಜನಗೂಡಿನ ದೊಡ್ಡಮ್ಮನ ಮನೆಗೆ ಹೋಯಿತು, ಅಲ್ಲಿ ದೊಡ್ಡಪ್ಪನಿಗೆ ಬಲಗಾಲು. ಹೋದವಾರ ನೋಡಿಬಂದೆ. ಟೈಲರ್ ಹೊಲಿದ ಪಟ್ಟಿ ಬಲ ಪೆಡಲಿಗೆ ಬಂದಿದೆ, ಅಕ್ಕಿ ಮೂಟೆಯ ಜಾಗದಲ್ಲಿ ರಾಗಿ ಮೂಟೆ ಇದೆ.